ನಾಯಿಗೆ ವೇಳಾಪಟ್ಟಿ ಬರೆದ ಸಾಹೇಬರು

ನನ್ನ ನಾಯಿಯನ್ನು ಅವರು ಒಂದೇ ಒಂದು ಸಲವೂ ಮುಟ್ಟಲಿಲ್ಲ. ತಲೆ ನೇವರಿಸಲಿಲ್ಲ, ಕೊರಳಪಟ್ಟಿ ಹಿಡಿಯಲಿಲ್ಲ, ಕೈಯಾರೆ ಒಂದು ಚೂರು ರೊಟ್ಟಿ ತಿನ್ನಿಸಲಿಲ್ಲ. ಆದರೂ ಅದು ಇವತ್ತು ನಾಲ್ಕು ಜನರ ನಡುವೆ ಇರಲು ಯೋಗ್ಯವಾದ ನಾಯಿಯಾಗಿದೆ ಎಂದರೆ, ನಾನೂ ಅವ್ವನೂ ರಾಣೆಬೆನ್ನೂರಿನ ಅದೇ ಬಾಡಿಗೆ ಮನೆಯಲ್ಲಿ ಇನ್ನೂ ಇದ್ದೇವೆ ಎಂದರೆ, ಅದಕ್ಕೆ ಅವರೇ ಕಾರಣ. ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಓಣಿಯ ಗಂಡಸರು "ಎಂಥಾ ಗಂಟಲಿತ್ರಿ ಆ ಮನಶ್ಯಾಂದು" ಎಂದು ಮಾತಾಡಿಕೊಂಡರು. ನನಗೆ ಮೊದಲು ನೆನಪಾದದ್ದು ಗಂಟಲಲ್ಲ, ಅವರ ಕೊಡೆ.

ಅವರನ್ನು ಹೆಸರಿನಿಂದ ಕರೆದವರನ್ನು ನಾನು ಓಣಿಯಲ್ಲಿ ಕಂಡಿಲ್ಲ, ಹಾಗಾಗಿ ಇಲ್ಲಿಯೂ ಹೆಸರು ಬೇಡ. ಕಂಟ್ರೋಲರ್ ಸಾಹೇಬರು, ಅಷ್ಟೇ. ಹಾವೇರಿ, ಬ್ಯಾಡಗಿ, ಕೊನೆಗೆ ರಾಣೆಬೆನ್ನೂರು, ಹೀಗೆ ಮೂರು ಊರಿನ ಬಸ್ ನಿಲ್ದಾಣಗಳಲ್ಲಿ ಮೂವತ್ತು ವರ್ಷ ಕಿಟಕಿಯ ಹಿಂದೆ ಕುಳಿತು, ಯಾವ ಗಾಡಿ ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿದವರು. ನಾನು ಹಾವೇರಿಯಿಂದ ವರ್ಗವಾಗಿ ಇಲ್ಲಿನ ಹೈಸ್ಕೂಲಿಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿ, ನಮ್ಮ ಎದುರು ಮನೆಯಲ್ಲಿ ಮಗಳೊಂದಿಗೆ ಇದ್ದರು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಮೈಕು ಹೋಗಿತ್ತು, ಚಾಳಿ ಹೋಗಿರಲಿಲ್ಲ. ಮುಖ್ಯವೆನಿಸಿದ ಯಾವ ಮಾತನ್ನೂ ಎರಡು ಸಲ ಹೇಳುತ್ತಿದ್ದರು. "ಚಹಾಕ್ಕ ಸಕ್ಕರಿ ಬ್ಯಾಡ. ಚಹಾಕ್ಕ ಸಕ್ಕರಿ ಬ್ಯಾಡ." ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ತರಗತಿಯಲ್ಲಿ ಅರವತ್ತು ಮಕ್ಕಳಿಗೆ ಒಂದೇ ಮಾತನ್ನು ಹತ್ತು ಸಲ ಹೇಳುವವಳಿಗೆ ಮನೆಗೆ ಬಂದ ಮೇಲೆ ಇದೊಂದು ಬೇಕಿರಲಿಲ್ಲ.

ನಾಯಿ ನಮ್ಮ ಮನೆಗೆ ಬಂದದ್ದು ನನ್ನ ತಪ್ಪಿನಿಂದ. ಅವ್ವ ಬ್ಯಾಡಗಿಯಿಂದ ನನ್ನ ಹತ್ತಿರ ಬಂದು ಇರತೊಡಗಿದ್ದಳು. ನಾನು ಶಾಲೆಗೆ ಹೋದರೆ ಇಡೀ ದಿನ ಒಬ್ಬಳೇ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ವರ್ಗವಾಗಿ ದೂರದ ಊರಿಗೆ ಹೊರಟಾಗ ತಮ್ಮ ಆರು ತಿಂಗಳ ಪಾಮೇರಿಯನ್ ಮರಿಯನ್ನು ಯಾರಿಗಾದರೂ ಕೊಡಬೇಕೆಂದಿದ್ದರು. ಅವ್ವನಿಗೆ ಜೊತೆಯಾಗಲಿ ಎಂದು ನಾನು ಎತ್ತಿಕೊಂಡು ಬಂದೆ. ಬಿಳಿ, ಗುಂಡಗೆ, ಒಂದು ಸೇರಿನ ಪಾತ್ರೆಯಲ್ಲಿ ಕೂರಿಸಬಹುದಾದಷ್ಟು ಸಣ್ಣದು. ಪುಟಾಣಿ ಎಂದು ಹೆಸರಿಟ್ಟೆ. ಅವ್ವ ಅದನ್ನು ನೋಡಿ, "ನನ್ನ ಕಾಯಾಕ ತಂದೀಯೋ, ನಾ ಅದನ್ನ ಕಾಯಾಕ ತಂದೀಯೋ?" ಎಂದಳು. ಪೂಜೆ, ಮಡಿ, ವಿಭೂತಿ ಎಲ್ಲವೂ ಕಟ್ಟುನಿಟ್ಟಾಗಿದ್ದ ಅವಳಿಗೆ ಮನೆಯೊಳಗೆ ನಾಯಿ ಎಂಬುದೇ ಒಂದು ಶಿಕ್ಷೆಯಾಗಿತ್ತು.

ಪುಟಾಣಿ ಎರಡೇ ಕೆಲಸ ಮಾಡುತ್ತಿತ್ತು. ಮನೆ ತುಂಬ ಉಚ್ಚೆ ಹೊಯ್ಯುವುದು, ಓಣಿ ತುಂಬ ಕೇಳುವಂತೆ ಬೊಗಳುವುದು. ಸೊಪ್ಪಿನ ಗಾಡಿ ಬಂದರೆ ಬೊಗಳಬೇಕು, ಹಾಲಿನವಳು ಬಂದರೆ ಬೊಗಳಬೇಕು, ಕೆಳಗಿನ ಮನೆಯ ಮಾಲಕರು ತಮ್ಮದೇ ಮೆಟ್ಟಿಲ ಮೇಲೆ ಕೆಮ್ಮಿದರೂ ಬೊಗಳಬೇಕು. ನಾಯಿ ಬೊಗಳಿದರೆ ದೇವಲೋಕ ಹಾಳಾಗದಿರಬಹುದು, ಬಾಡಿಗೆ ಮನೆ ಹಾಳಾಗುತ್ತದೆ. ಮಾಲಕರು ಬೀಜದ ಅಂಗಡಿಯವರು, ಸಂಭಾವಿತರು. ಒಂದು ಸಂಜೆ ಮೇಲೆ ಬಂದು ಬಾಗಿಲ ಹೊರಗೇ ನಿಂತು ಹೇಳಿದರು.

"ಅಕ್ಕೋರ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಮಗಳು ಮೊದಲನೇ ಬಾಣಂತನಕ್ಕ ಬಂದಾಳ. ಎರಡು ತಿಂಗಳದಾಗ ಹೆರಿಗಿ ಐತಿ. ಕೂಸು ಮನಿಗೆ ಬರೂದ್ರಾಗ ಈ ನಾಯಿ ಹೋಗಬೇಕು. ಇಲ್ಲಾ, ನೀವು ಬ್ಯಾರೆ ಮನಿ ನೋಡ್ಕೋಬೇಕು."

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಒಂಟಿ ಹೆಂಗಸು, ವಯಸ್ಸಾದ ತಾಯಿ, ಮೇಲೊಂದು ನಾಯಿ ಎಂದರೆ ಊರಲ್ಲಿ ಮನೆ ಕೊಡುವವರು ಯಾರು? ಮೇಡ್ಲೇರಿಯ ಕಡೆ ಒಬ್ಬ ರೈತರು ಪಂಪ್‌ಸೆಟ್ ಮನೆಗೆ ಕಾವಲಿಗೆ ನಾಯಿ ಬೇಕೆಂದಿದ್ದರಂತೆ. ಹಾಲಿನವಳು ಸುದ್ದಿ ತಂದಳು. ಹೊಲದಲ್ಲಿ ಸರಪಳಿ ಹಾಕಿ ಕಟ್ಟುತ್ತಾರೆ, ಎರಡು ಹೊತ್ತು ಅನ್ನ ಹಾಕುತ್ತಾರೆ, ಇನ್ನೇನು ಬೇಕು ಎಂದಳು. ನನ್ನ ದಿಂಬಿನ ಹತ್ತಿರ ಮಲಗುವ ಆ ಹಿಡಿಗಾತ್ರದ ಪ್ರಾಣಿಯನ್ನು ಬಿಸಿಲಲ್ಲಿ ಸರಪಳಿಗೆ ಕಟ್ಟಿದ್ದನ್ನು ಕಣ್ಣ ಮುಂದೆ ತಂದುಕೊಂಡು ಆ ವಾರವೆಲ್ಲ ನಾನು ಸರಿಯಾಗಿ ಊಟ ಮಾಡಲಿಲ್ಲ.

ಕಂಟ್ರೋಲರ್ ಸಾಹೇಬರು ನಮ್ಮ ಬದುಕಿಗೆ ಬಂದದ್ದು ಖಾರಪುಡಿಯ ದಿನ.

ಮೆಣಸಿನ ಪುಡಿ ಉದುರಿಸಿದರೆ ಆ ಜಾಗದಲ್ಲಿ ನಾಯಿ ಹೊಯ್ಯುವುದಿಲ್ಲ ಎಂದು ಅವ್ವನಿಗೆ ಯಾರೋ ಹೇಳಿದ್ದರು. ಪಾಪದ ಕೆಲಸ, ಈಗ ಗೊತ್ತಾಗುತ್ತದೆ. ಆದರೆ ಪಾಪ ಮಾಡುವುದರಲ್ಲೂ ನಮ್ಮವರಿಗೆ ಊರ ಅಭಿಮಾನ ಬಿಡುವುದಿಲ್ಲ. ಬ್ಯಾಡಗಿಯವರಿಗೆ ತಮ್ಮ ಮೆಣಸಿನಕಾಯಿಯ ಬಗ್ಗೆ ಇರುವಷ್ಟು ಹೆಮ್ಮೆ ಹೊಟ್ಟೆಯ ಮಕ್ಕಳ ಬಗ್ಗೆಯೂ ಇರುವುದಿಲ್ಲ. ಇದನ್ನು ಹೊಟ್ಟೆಯ ಮಗಳಾಗಿಯೇ ಹೇಳುತ್ತಿದ್ದೇನೆ. ಬೇರೆಯವರಾಗಿದ್ದರೆ ಅಂಗಡಿಯಿಂದ ಚುರುಕಾದ ಖಾರ ತರುತ್ತಿದ್ದರು. ಅವ್ವ "ನಮ್ಮೂರ ಖಾರ ಏನಂತ ತಿಳೀಲಿ ಅದಕ್ಕ" ಎಂದು ವರ್ಷದ ಡಬ್ಬಿ ತೆರೆದು, ನಡುಮನೆಯ ಮೂಲೆಯಲ್ಲಿ ಧಾರಾಳವಾಗಿ ಉದುರಿಸಿದಳು. ಊರವರೆಲ್ಲ ಬಲ್ಲ ಸತ್ಯವನ್ನು ಅವಳು ಆ ಕ್ಷಣಕ್ಕೆ ಮರೆತಿದ್ದಳು. ಬ್ಯಾಡಗಿ ಮೆಣಸಿನಕಾಯಿ ಇರುವುದು ಬಣ್ಣಕ್ಕೆ, ಖಾರಕ್ಕಲ್ಲ.

ಪುಟಾಣಿ ಮೂಸಿ ಎರಡು ಸಲ ಸೀನಿತು. ಆಮೇಲೆ ಅದರ ಮೇಲೆಯೇ ನಿಂತು ಹೊಯ್ಯಿತು. ಆಮೇಲೆ ಆ ಕೆಂಪು ಕೆಸರನ್ನು ತುಳಿದುಕೊಂಡು ಅಡುಗೆಮನೆ, ದೇವರ ಜಗುಲಿಯ ಮುಂದಿನ ಮಣೆ, ಒಣಹಾಕಿದ್ದ ಅವ್ವನ ಬಿಳಿಯ ಸೀರೆ ಎಲ್ಲವನ್ನೂ ಹಾದು, ತೆರೆದಿದ್ದ ಬಾಗಿಲಿನಿಂದ ಇಳಿದು, ಮಾಲಕರು ಹೊಸದಾಗಿ ಹಾಕಿಸಿದ್ದ ಬಿಳಿ ಟೈಲ್ಸಿನ ಮೆಟ್ಟಿಲುಗಳ ಮೇಲೆ ಬೀದಿಯವರೆಗೂ ಹೆಜ್ಜೆ ಮೂಡಿಸಿತು. ನಾನು ಶಾಲೆಯಿಂದ ಬರುವಾಗ ಮನೆಯ ಮುಂದೆ ಜನ ಸೇರಿದ್ದರು. ಮಾಲಕರು, "ಯಾರನ್ನ ಕಡೀತ್ರಿ ಇದು? ಎಷ್ಟು ರಗತ ಹರದೈತಿ!" ಎಂದು ಕೂಗುತ್ತಿದ್ದರು. ಅವರ ಬಸುರಿ ಮಗಳು ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು.

ಆಗ ಎದುರು ಮನೆಯಿಂದ ಕೊಡೆ ಹಿಡಿದು ಬಂದ ಮುದುಕರೊಬ್ಬರು ಬಗ್ಗಿ, ಮೆಟ್ಟಿಲ ಮೇಲಿನ ಕೆಂಪನ್ನು ಕೊಡೆಯ ತುದಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ತಂದರು. ಸೆಟೆದು ನಿಂತು, ಓಣಿಯ ಆ ತುದಿಗೂ ಕೇಳುವ ಹಾಗೆ ಹೇಳಿದರು:

"ರಗತ ಅಲ್ಲ, ಬ್ಯಾಡಗಿ. ರಗತ ಅಲ್ಲ, ಬ್ಯಾಡಗಿ."

ಜನ ನಕ್ಕು ಚದುರಿದರು. ನಾನು ಅವಮಾನದಿಂದ ಬಕೆಟ್ಟು ಹಿಡಿದು ಮೆಟ್ಟಿಲು ತೊಳೆಯಲು ಕುಳಿತೆ. ಅವರು ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ನಿಂತು ಪುಟಾಣಿಯನ್ನೇ ನೋಡುತ್ತಿದ್ದರು.

"ಅಕ್ಕೋರ, ಇದರದು ತಪ್ಪಿಲ್ರಿ. ಇದಕ್ಕ ಟೈಮ್ ಯಾರೂ ಹೇಳಿಲ್ಲ. ಗಾಡಿ ಯಾವಾಗ ಬಿಡತೈತಿ, ಎಲ್ಲಿ ನಿಂದ್ರತೈತಿ ಅಂತ ಗೊತ್ತಿಲ್ಲಂದ್ರ ಮಂದಿ ಸ್ಟ್ಯಾಂಡ್ ತುಂಬ ಓಡ್ಯಾಡ್ತಾರ. ಇದೂ ಹಂಗ."

ಮರುದಿನ ಸಂಜೆ ಐದೂವರೆಗೆ ಅವರು ಒಂದು ರಟ್ಟಿನ ಹಾಳೆ ಹಿಡಿದು ನಮ್ಮ ಮೇಲಿನ ಮನೆಗೆ ಬಂದರು. ಬರುತ್ತೇನೆ ಎಂದಿದ್ದು ಐದೂವರೆಗೆ, ಬಾಗಿಲು ಬಡಿದದ್ದೂ ಐದೂವರೆಗೆ. ನಮ್ಮ ಮನೆಯ ಮುಂದೆ ತೆರೆದ ಮಾಳಿಗೆಯಿದೆ. ಅಲ್ಲಿ ಬೆತ್ತದ ಕುರ್ಚಿ ಹಾಕಿಕೊಟ್ಟೆ. ಕೂತವರು ಕೊಡೆಯನ್ನು ಮಡಚಿ ತಮ್ಮ ಮುಂದೆ ನೆಲದ ಮೇಲೆ ಅಡ್ಡಡ್ಡ ಇಟ್ಟರು. ಪುಟಾಣಿ ಹಾರಿ ಬಂತು. ಅವರು ಕೊಡೆಯ ಕಡೆ ಬೆರಳು ತೋರಿಸಿ, "ಅಲ್ಲೇ" ಎಂದರು. ಒದರಲಿಲ್ಲ. ಪುಟಾಣಿ ಕೊಡೆ ದಾಟಿದಾಗಲೆಲ್ಲ ಕುರ್ಚಿ ಬಿಟ್ಟು ಎದ್ದು, ಬೆನ್ನು ತಿರುಗಿಸಿ ನಿಂತರು. ಹಿಂದೆ ಸರಿದರೆ ಕೂತರು. ಏಳೆಂಟು ಸಲ ಹೀಗೆ ಎದ್ದು ಕೂತ ಮೇಲೆ ನಾಯಿ ಕೊಡೆಯ ಆಚೆ ಮೂತಿ ಊರಿ ಮಲಗಿತು. ನನಗೆ ಮುದುಕರ ಮೊಣಕಾಲಿನದೇ ಚಿಂತೆಯಾಗಿತ್ತು.

"ನಾ ಇದನ್ನ ಮುಟ್ಟೂದಿಲ್ರಿ, ತಪ್ಪು ತಿಳೀಬ್ಯಾಡ್ರಿ," ಎಂದರು. "ಐದು ಹೊತ್ತು ನಮಾಜಿಗೆ ಹೋಗೂದಿರತೈತಿ. ಜೊಲ್ಲು ಹತ್ತಿತಂದ್ರ ಮತ್ತ ತೊಳೀಬೇಕು. ಅದೂ ಖರೇ, ಇದರ ಮ್ಯಾಲೆ ನನಗ ಜೀವ ಐತಿ ಅನ್ನೂದೂ ಖರೇ."

ಒಳಗೆ ಬಾಗಿಲ ಮರೆಯಲ್ಲಿ ಕೂತಿದ್ದ ಅವ್ವ ಮೊದಲ ಸಲ ಮಾತಾಡಿದಳು. "ಹಂಗ ಹೇಳ್ರಿ ಸಾಹೇಬ್ರ. ಈಕಿಗೆ ನನ್ನ ಮಡಿ ಅಂದ್ರ ನಗಿ." ಅಂದಿನಿಂದ ಅವರಿಬ್ಬರೂ ಒಂದು ಪಕ್ಷ. ಮರುದಿನ ನೋಡಿದರೆ ಅವ್ವನೂ ತನ್ನ ಊರುಗೋಲನ್ನು ದೇವರ ಜಗುಲಿಯ ಮುಂದೆ ಅಡ್ಡ ಇಟ್ಟಿದ್ದಳು.

ಆ ರಟ್ಟಿನ ಹಾಳೆ ಈಗಲೂ ಮಾಳಿಗೆಯ ಬಾಗಿಲ ಹಿಂದೆ ಇದೆ. ಬಸ್ ನಿಲ್ದಾಣದ ಫಲಕದ ಹಾಗೆಯೇ ಗೆರೆ ಹೊಡೆದು, ದುಂಡು ಅಕ್ಷರದಲ್ಲಿ ಬರೆದದ್ದು. ಪುಟಾಣಿಯನ್ನು ಹೊಯ್ಯಿಸುವ ಒಂದೊಂದು ಹೊತ್ತಿಗೂ ಒಂದೊಂದು ಬಸ್ಸಿನ ಹೆಸರು. ಬೆಳಿಗ್ಗೆ ಎದ್ದ ಕೂಡಲೇ ಆರಕ್ಕೆ ಗುತ್ತಲ ಗಾಡಿ. ತಿಂದ ಮೇಲೆ ಎಂಟೂಕಾಲಿಗೆ ಮೇಡ್ಲೇರಿ. ಮಧ್ಯಾಹ್ನ ಒಂದಕ್ಕೆ ಬ್ಯಾಡಗಿ, ಮಲಗಿ ಎದ್ದ ಮೇಲೆ ನಾಲ್ಕಕ್ಕೆ ಹಾವೇರಿ. ಸಂಜೆ ಆಟದ ನಂತರ ಒಂದು, ಉಂಡ ಮೇಲೆ ಒಂದು. ಮಲಗುವ ಮುಂಚಿನ ಕೊನೆಯದು ವಸ್ತಿ ಗಾಡಿ. ವಸ್ತಿ ಗಾಡಿ ಎಂದರೆ ದಿನದ ಕಡೆಯ ಬಸ್ಸು. ಹಳ್ಳಿಗೆ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಮರಳುವುದು. ಮಾಳಿಗೆಯ ಮೂಲೆಯಲ್ಲಿ ಒಂದು ತಗಡಿನ ತಟ್ಟೆಗೆ ಮರಳು ತುಂಬಿ ಅದಕ್ಕೆ ಪ್ಲಾಟ್‌ಫಾರ್ಮ್ ಎಂದರು. ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಬೇಕು, ಮಾತಾಡಬಾರದು. ಕೆಲಸ ಮುಗಿದ ತಕ್ಷಣ, ಅಲ್ಲಿಯೇ, ಒಂದು ಚೂರು ಒಣಗಿದ ಕಟಕ ರೊಟ್ಟಿ ಕೊಡಬೇಕು. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟರು ಎಂದುಕೊಳ್ಳುತ್ತದೆ.

"ಏಳು ಟ್ರಿಪ್ಪು! ಇಷ್ಟೊಂದು ಯಾಕ್ರಿ?" ಎಂದೆ.

"ಸಣ್ಣ ಗಾಡಿರಿ, ಸಣ್ಣ ಟ್ಯಾಂಕು. ದೊಡ್ಡ ನಾಯಿ ಹುಬ್ಬಳ್ಳಿತನಕ ತಡೀತೈತಿ. ಇದು ಊರ ದಾಟೂದ್ರಾಗ ನಿಂದ್ರಬೇಕು."

ಒಳಗೆ ಹೊಯ್ದರೆ ನಾನು ಅದರ ಮೂತಿಯನ್ನು ಅಲ್ಲಿಗೇ ಒತ್ತಿ ಹೊಡೆಯುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆಂದು ಕೇಳಿದ್ದೆ. ಅದನ್ನು ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಹೊಡದ್ರ ಏನ್ ಕಲೀತೈತಿ? ನಿಮ್ಮ ಕಣ್ಣ ಮುಂದ ಹೊಯ್ಯಬಾರದು ಅಂತ ಕಲೀತೈತಿ. ಮಂಚದ ಬುಡಕ ಹೋಗಿ ಹೊಯ್ಯತೈತಿ." ಅದು ನಿಜವಾಗಿತ್ತು, ಮಂಚದ ಕೆಳಗೆ ನೋಡಿದವಳು ನಾನೇ. ಫಿನಾಯಿಲ್ ಹಾಕಿ ತೊಳೆದರೆ ಸಾಲದು, ವಾಸನೆ ಪೂರ್ತಿ ಹೋಗಬೇಕು, ನಿಂಬೆಹುಳಿ ಹಿಂಡಿ ಉಜ್ಜಿರಿ ಎಂದರು. ಅದಕ್ಕೂ ನಿಲ್ದಾಣದ ದೃಷ್ಟಾಂತವೇ. ಯಾವುದೋ ಊರಲ್ಲಿ ಗಂಡಸರು ನಿಂತು ಹೊಯ್ಯುವ ಒಂದು ಗೋಡೆಯಿತ್ತಂತೆ. ದಂಡ ಎಂದು ಬರೆದರು, ದೇವರ ಚಿತ್ರ ಅಂಟಿಸಿದರು, ನಿಲ್ಲಲಿಲ್ಲ. "ವಾಸನಿ ಇರೂತನಕ ಬಂದ ಬಂದ್ರು. ದೇವರ ಫೋಟೋಕ್ಕ ಮಂದಿನ ಅಂಜಲಿಲ್ಲ, ನಿಮ್ಮ ಫಿನಾಯಿಲಿಗೆ ನಾಯಿ ಅಂಜತೈತೇನ್ರಿ?"

ಸೌಮ್ಯರು ಎಂದುಕೊಳ್ಳಬೇಡಿ. ಮೊದಲ ಭಾನುವಾರ ನಾನು ಏಳರವರೆಗೆ ಮಲಗಿದೆ. ಎದುರು ಮನೆಯ ಕಟ್ಟೆಯಿಂದ ಓಣಿಗೆಲ್ಲ ಕೇಳುವಂತೆ ಕೂಗು ಬಂತು. "ಗುತ್ತಲ ಗಾಡಿ ಒಂದು ತಾಸು ತಡ ಐತಿ. ಗುತ್ತಲ ಗಾಡಿ ಒಂದು ತಾಸು ತಡ ಐತಿ." ಓಣಿಯವರು ಏನು ತಿಳಿದುಕೊಂಡರೋ, ನಾನು ಚಾದರ ಕಿತ್ತೆಸೆದು ಓಡಿದೆ. ಪುಟಾಣಿ ಬಾಗಿಲ ಬಳಿ ಕಾಲು ಕಾಲು ಕುಣಿಸುತ್ತ ತಡೆದುಕೊಂಡು ನಿಂತಿತ್ತು. ಸಂಜೆ ಸಿಕ್ಕಾಗ, "ಐತವಾರ ಇರೂದು ನಿಮ್ಮ ಸಾಲಿಗೆ. ಗಾಡಿಗಿಲ್ಲ" ಎಂದರು, ಅಷ್ಟೇ. ನನಗೆ ಆ ಬೈಗುಳಕ್ಕಿಂತ ಹೆಚ್ಚಾಗಿ ಹೊಳೆದದ್ದು ಇನ್ನೊಂದು. ನಾಯಿ ತಡೆದುಕೊಂಡು ನಿಂತಿತ್ತು! ಅಂದರೆ ಅದಕ್ಕೆ ತಿಳಿಯಿತು. ಮೂರು ವಾರಕ್ಕೆ ಮನೆಯೊಳಗೆ ಹೊಯ್ಯುವುದು ನಿಂತೇಹೋಯಿತು. ಮಧ್ಯಾಹ್ನದ ಎರಡು ಗಾಡಿಗಳಿಗೆ ಬಾಗಿಲು ತೆರೆದು ರೊಟ್ಟಿಯ ಚೂರು ಎಸೆಯುವುದು ಅವ್ವನ ಪಾಲಿಗೆ. ಮುಟ್ಟುವ ಮಾತೇ ಇಲ್ಲದ್ದರಿಂದ ಅವಳು ಒಪ್ಪಿದ್ದಳು.

ಇನ್ನು ಉಳಿದದ್ದು ಬೊಗಳುವಿಕೆ. ಕೂಸಿಗೆ ತೊಂದರೆ ಅದರಿಂದಲೇ ತಾನೇ? ಪುಟಾಣಿ ಬೊಗಳಿದ ಕೂಡಲೇ ನಾನು "ಏ, ಸುಮ್ಮನಿರು!" ಎಂದು ಗದರುವುದನ್ನು ಸಾಹೇಬರು ಎರಡು ದಿನ ಕುರ್ಚಿಯಲ್ಲಿ ಕೂತು ನೋಡಿದರು.

"ನೀವು ಒದರಿದ್ರ ಅದು ಏನ್ ತಿಳ್ಕೋತೈತಿ ಗೊತ್ತೇನ್ರಿ? ಅಕ್ಕೋರೂ ನನ್ನ ಕೂಡ ಒದರಾಕತ್ತಾರ, ಛಲೋ ಆತು ಅಂತ ತಿಳ್ಕೋತೈತಿ."

ಹಾಗಾದರೆ ಏನು ಮಾಡಬೇಕು ಎಂದೆ. ಅಷ್ಟರಲ್ಲಿ ಸೊಪ್ಪಿನ ಗಾಡಿ ಬಂತು, ಪುಟಾಣಿ ಕಿಟಕಿಗೆ ಹಾರಿ ಶುರುಮಾಡಿತು. ಅವರು ಅವಸರವಿಲ್ಲದೆ ಎದ್ದು, ಕಿಟಕಿಯಿಂದ ಸ್ವಲ್ಪ ದೂರ ನಿಂತು ಹೊರಗೆ ಬಗ್ಗಿ ನೋಡಿದರು. ನಿಜವಾಗಿಯೂ ನೋಡಿದರು, ಸೊಪ್ಪು ಯಾವುದು ಎಂದು ತಿಳಿಯುವಷ್ಟು. ಆಮೇಲೆ ಮೆಲ್ಲಗೆ, "ಆತು, ನೋಡಿದೆ" ಎಂದು ತಿರುಗಿ ಬಂದು ಕೂತರು. ಮೂವತ್ತು ವರ್ಷ ಮೈಕು ಹಿಡಿದ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದ್ದದ್ದು ನನಗೆ ಅಂದೇ ಗೊತ್ತಾದದ್ದು. ಪುಟಾಣಿ ಇನ್ನೂ ನಾಲ್ಕು ಸಲ ಬೊಗಳಿ, ಅವರ ಕಡೆ ನೋಡಿ, ಸುಮ್ಮನಾಯಿತು. "ಈಗ ಕೊಡ್ರಿ ರೊಟ್ಟಿ. ಸುಮ್ಮನಾದ ಮ್ಯಾಲೆ, ಬೊಗಳೂದ್ರಾಗಲ್ಲ." ಬೊಗಳುವುದೆಂದರೆ ನಾಯಿಯ ಪ್ರಕಾರ ಒಂದು ವರದಿ ಎಂದರು. ಯಾರೋ ಬಂದರು ಎಂದು ಮನೆಯವರಿಗೆ ತಿಳಿಸುವ ಕೆಲಸವನ್ನು ಅದು ತನ್ನ ಮೇಲೆ ಹಾಕಿಕೊಂಡಿದೆ. ತಲುಪಿತು ಎಂದು ಯಾರಾದರೂ ಹೇಳುವವರೆಗೆ ಹೇಳುತ್ತಲೇ ಇರುತ್ತದೆ.

ಹದಿನೈದು ದಿನ ಹಾಗೇ ಮಾಡಿದೆ. ನಾಲ್ಕು ಮೂರಾಯಿತು, ಮೂರು ಎರಡಾಯಿತು. ನಾನು ಮನೆಯಲ್ಲಿದ್ದಾಗ ಪುಟಾಣಿ ಒಂದೋ ಎರಡೋ ಸಲ ಬೊಗಳಿ ನನ್ನ ಮುಖ ನೋಡುತ್ತಿತ್ತು. ಇನ್ನೇನು ಗೆದ್ದೆ ಎಂದುಕೊಂಡೆ. ಆಗ ಮಾಲಕರು ಮೆಟ್ಟಿಲ ಬುಡದಲ್ಲಿ ತಡೆದು, "ಅಕ್ಕೋರ, ನೀವು ಸಾಲಿಗೆ ಹೋದ್ರ ಮುಂಜಾನಿಂದ ಸಂಜೀತನಕ ಒದರೂದ ಒದರೂದು. ನಮ್ಮ ಮನಿಯಾಕಿ ಹಿಂಗ ಹೇಳಾಕ ಹೇಳ್ಯಾಳ ಅಂತ ತಿಳೀಬ್ಯಾಡ್ರಿ, ನಾನ ಕೇಳೇನಿ. ಇನ್ನ ಎರಡು ವಾರ ಐತಿ" ಎಂದರು.  ಮನೆಯಲ್ಲಿ ಅವ್ವ ಇದ್ದಳಲ್ಲ? ಮೇಲೆ ಹೋಗಿ ಕೇಳಿದೆ.

"ಇದ್ನಿ," ಎಂದಳು ಅವ್ವ. "ಬಾಗಲಾ ತಗೀತೇನಿ, ರೊಟ್ಟಿ ಒಗೀತೇನಿ. ಆದ್ರ ನಾಯಿಗೆ ಜವಾಬು ಕೊಡೂದು ನನ್ನಿಂದ ಆಗೂದಿಲ್ಲ. ಎಪ್ಪತ್ತಾರು ವರ್ಷ ಆತು ನನಗ. ಯಾರರ ಕೇಳಿದ್ರ ಮುದುಕಿಗೆ ತಲಿ ಕೆಟ್ಟೈತಿ ಅಂದಾರು. ನಾಯಿ ಬಾಲ ಡೊಂಕು, ಕಳಿಸಿಬಿಡು ಮೇಡ್ಲೇರಿಗೆ."

ನಾನು ಅತ್ತು ಕೂಗಾಡಿದೆ. ಅವ್ವನ ಜೊತೆ ಎರಡು ದಿನ ಮಾತು ಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೌದು. ಮೂರನೆಯ ಸಂಜೆ ಸಾಹೇಬರು ಬಂದಾಗ ಅವ್ವ ಬಾಗಿಲ ಬಳಿ ಅಲಸಂದಿ ಬಿಡಿಸುತ್ತ ಕೂತಿದ್ದಳು. ಅವರು ಕೊಡೆ ಅಡ್ಡ ಇಟ್ಟು, ನನ್ನ ಕಡೆಗಾಗಲಿ ನಾಯಿಯ ಕಡೆಗಾಗಲಿ ನೋಡದೆ, ಅವ್ವನಿಗೆ ಒಂದು ಸಂಗತಿ ಹೇಳಿದರು.

"ಅವ್ವಾರ, ಮೂವತ್ತು ವರ್ಷ ಒದರೇನ್ರಿ ನಾನು. ಒದರಿದ್ದು ಯಾರಿಗರ ಮುಟ್ಟೈತೋ ಇಲ್ಲೋ ಅಂತ ಒಂದ ದಿನಾನೂ ಗೊತ್ತಾಗಲಿಲ್ಲ. ಮಂದಿ ಚಹಾ ಕುಡೀತಿರತಾರ, ಮಾತಾಡತಿರತಾರ. ಅದಕ್ಕ ಎರಡೆರಡು ಸಲ ಒದರೂದು. ಒಂದಿನ ಸಂಜೀಕ ಕರೆಂಟ್ ಹೋಗಿ ಮೈಕ್ ಬಂದಾತು. ಗಳಗನಾಥದ ವಸ್ತಿ ಗಾಡಿ ಬಿಡೂ ಹೊತ್ತು. ಹೊರಗ ಬಂದು ಬಾಯಲೇ ಒದರಿದೆ. ಒಬ್ರೂ ಹೊಳ್ಳಿ ನೋಡಲಿಲ್ಲ. ಅಲ್ಲೊಬ್ಬಾಕಿ ಮುದುಕಿ ಗಂಟು ಇಟ್ಕೊಂಡು ಕುಂತಿದ್ಲು. ಕೈ ಎತ್ತಿ ಅಂದ್ಲು, 'ಕೇಳಿಸ್ತೋ ಯಪ್ಪಾ, ಕೇಳಿಸ್ತು. ಎಷ್ಟ ಒದರ್ತಿ, ಗಂಟಲ ಹರದೀತು.' ಆವತ್ತು ನಾ ಎರಡನೇ ಸಲ ಒದರಲಿಲ್ರಿ. ಇಡೀ ನೌಕರ್ಯಾಗ ಅದೊಂದ ಸಲ."

ಅವ್ವ ಸ್ವಲ್ಪ ಹೊತ್ತು ಅಲಸಂದಿ ಬಿಡಿಸಿದಳು. ಆಮೇಲೆ, "ಆಕಿಗೆ ಗಾಡಿ ಸಿಕ್ತೇನು?" ಎಂದಳು.

"ಸಿಕ್ತರಿ. ಗಂಟು ನಾನ ಏರಿಸಿಕೊಟ್ಟೆ."

ಅಷ್ಟೇ ಮಾತು. ಅವ್ವ ಒಪ್ಪಿದೆ ಎನ್ನಲಿಲ್ಲ, ಅವರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಶಾಲೆಯಲ್ಲಿ ಅರ್ಧ ದಿನ ರಜೆಯಾಗಿ ನಾನು ಮಧ್ಯಾಹ್ನವೇ ಮನೆಗೆ ಬಂದೆ. ಮೆಟ್ಟಿಲು ಏರುತ್ತಿದ್ದಂತೆ ಮೇಲೆ ಪುಟಾಣಿ ಒಂದು ಸಲ ಬೊಗಳಿತು. ಹಿಂದೆಯೇ ಅವ್ವನ ದನಿ ಬಂತು, ಸಣ್ಣಗೆ, ಓಣಿಯವರು ಕೇಳಿಸಿಕೊಂಡಾರು ಎಂಬ ಅಂಜಿಕೆಯಲ್ಲಿ. "ಆತವ್ವಾ, ಕೇಳಿಸ್ತು. ನಿಮ್ಮಕ್ಕ ಬಂದ್ಲು. ಗಂಟಲ ಹರಕೋಬ್ಯಾಡ." ಆಮೇಲೆ ಸದ್ದಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತೆ. 

ಕೂಸು ಮನೆಗೆ ಬಂದ ದಿನ ಮಾತ್ರ ನಾನು ರಜೆ ಹಾಕಿ ಬಾಗಿಲ ಹತ್ತಿರವೇ ಕೂತೆ. ಕೆಳಗೆ ಆಟೋ ನಿಂತಿತು, ಆರತಿಯಾಯಿತು, ಬಂಧುಗಳೆಲ್ಲ ಒಟ್ಟಿಗೆ ಮಾತಾಡಿದರು. ಪುಟಾಣಿ ಕಿವಿ ನಿಮಿರಿಸಿ ಒಮ್ಮೆ ಬೊಗಳಿತು, ಅವ್ವ ಜವಾಬು ಕೊಟ್ಟಳು, ಮಲಗಿತು. ಮಧ್ಯಾಹ್ನ ಕೂಸು ಮೊದಲ ಸಲ ಜೋರಾಗಿ ಅತ್ತಾಗ ಪುಟಾಣಿ ಎದ್ದು ಅವ್ವನ ಹತ್ತಿರ ಹೋಗಿ, ಬೊಗಳದೆ, ಸುಮ್ಮನೆ ಅವಳ ಮುಖ ನೋಡಿತು. "ಕೂಸು ಅದು. ನನಗೂ ಕೇಳಿಸ್ತು" ಎಂದಳು ಅವ್ವ.

ಮರುದಿನ ಬೆಳಿಗ್ಗೆ ಮಾಲಕರು ಮೆಟ್ಟಿಲು ಹತ್ತಿ ಬಂದರು. ಕಣ್ಣು ಕೆಂಪಗಿದ್ದವು, ತಲೆ ಕೆದರಿತ್ತು. ನಾನು ಎದ್ದು ನಿಂತೆ.

"ಅಕ್ಕೋರ, ಅದೇನೋ ಮಾತು ಹೇಳ್ತೀರಲ್ರಿ ನಿಮ್ಮ ನಾಯಿಗೆ, ಅದನ್ನ ನಮಗೂ ಹೇಳಿಕೊಡ್ರಿ. ಕೂಸು ಏನ್ ಮಾಡಿದ್ರೂ ಬಾಯಿ ಮುಚ್ಚವಲ್ದು."

ಅವ್ವ ನಕ್ಕ ನಗೆಗೆ ಕೆಳಗೆ ಬಾಣಂತಿಯೂ ನಕ್ಕಳು. ನಾಯಿ ಹೋಗಬೇಕೆಂಬ ಮಾತನ್ನು ಅವರು ಆಮೇಲೆ ಎತ್ತಲೇ ಇಲ್ಲ. ಈಗ ಆ ಕೂಸಿಗೆ ಎರಡು ವರ್ಷ. ಮೇಲೆ ಬಂದು ಪುಟಾಣಿಯ ಬಾಲ ಎಳೆಯುತ್ತದೆ. ಬಾಲ ಇನ್ನೂ ಡೊಂಕೇ ಇದೆ, ಅವ್ವನ ಮಾತು ಅಷ್ಟರಮಟ್ಟಿಗೆ ಸರಿ.

ಸಾಹೇಬರು ಆಮೇಲೂ ಪ್ರತಿ ಸಂಜೆ ಐದೂವರೆಗೆ ಬರುತ್ತಿದ್ದರು, ಕೆಲಸವೇನೂ ಇಲ್ಲದಿದ್ದರೂ. ಕುರ್ಚಿ, ಕೊಡೆ, ಸಕ್ಕರೆಯಿಲ್ಲದ ಚಹಾ. ಪುಟಾಣಿ ಕೊಡೆಯ ಆಚೆ ಮಲಗಿ ಅವರನ್ನೇ ನೋಡುತ್ತಿತ್ತು. ಈಗ ಕುರ್ಚಿ ಖಾಲಿ ಇದ್ದರೂ ಅಷ್ಟೇ ದೂರ ಬಿಟ್ಟು ಮಲಗುತ್ತದೆ.

ಕೊನೆಯ ಸಲ ಅವರನ್ನು ನೋಡಿದ್ದು ಹಾವೇರಿಯ ಆಸ್ಪತ್ರೆಯಲ್ಲಿ. ಲಕ್ವ ಹೊಡೆದು ಒಂದು ವಾರವಾಗಿತ್ತು. ನಾನು ಮಧ್ಯಾಹ್ನದ ಬಸ್ಸಿಗೆ ಹೋದೆ. ವಾರ್ಡಿನ ಬಾಗಿಲಿಗೇ ಅವರ ದನಿ ಕೇಳಿತು. ಒಂದು ಕಡೆಯ ಬಾಯಿ ಬಿದ್ದು ಮಾತು ತೊದಲಾಗಿದ್ದರೂ ದನಿ ಅದೇ. "ಗುತ್ತಲ ಮ್ಯಾಲೆ ಗಳಗನಾಥಕ್ಕ ಹೋಗೂ ವಸ್ತಿ ಗಾಡಿ..." ಮತ್ತೆ, "ಗುತ್ತಲ ಮ್ಯಾಲೆ..." ಕಣ್ಣು ಕಿಟಕಿಯ ಕಡೆಗಿತ್ತು. ಮಗಳು ಕೈ ಹಿಡಿದುಕೊಂಡು, "ಅಬ್ಬಾಜಾನ್, ಸುಮ್ಮಕಿರ್ರಿ, ಸುಮ್ಮಕಿರ್ರಿ" ಎಂದು ಬೇಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅತ್ತಳು. "ಮುಂಜಾನಿಂದ ಹಿಂಗ ಒದರಾಕತ್ತಾರ್ರಿ ಅಕ್ಕೋರ. ನಿದ್ದಿ ಇಲ್ಲ, ನೀರಿಲ್ಲ. ಆಜೂಬಾಜೂದವ್ರು ಬೈಯಾಕತ್ತಾರ. ಎಷ್ಟ ಹೇಳಿದ್ರೂ ಕೇಳವಲ್ರು."

ನಾನು ಚೀಲ ಕೆಳಗಿಟ್ಟೆ. ಅವಸರ ಮಾಡದೆ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದೆ. ನಿಜವಾಗಿಯೂ ನೋಡಿದೆ. ಬೇವಿನ ಮರ, ಎರಡು ಆಟೋ, ಎಳನೀರು ಮಾರುವವನು. ತಿರುಗಿ ಬಂದು ಅವರ ಕಿವಿಯ ಹತ್ತಿರ ಬಗ್ಗಿ, ಅವರು ನಮಗೆ ಕಲಿಸಿದಷ್ಟೇ ಸಣ್ಣ ದನಿಯಲ್ಲಿ ಹೇಳಿದೆ.

"ಆತ್ರಿ ಸಾಹೇಬ್ರ, ಕೇಳಿಸ್ತು. ಮಂದಿ ಎಲ್ಲಾ ಹತ್ತ್ಯಾರ."

ಅವರು ನನ್ನ ಮುಖ ನೋಡಿದರು. ಗುರುತು ಹತ್ತಿತೋ ಇಲ್ಲವೋ ನನಗೆ ತಿಳಿಯದು. ಹುಬ್ಬಿನ ಗಂಟು ಸಡಿಲಾಯಿತು, ಕಣ್ಣು ಮೆಲ್ಲನೆ ಮುಚ್ಚಿದವು, ಉಸಿರು ನಿದ್ದೆಯ ಉಸಿರಾಯಿತು. ಮಗಳು ಬೆಳಗಿನಿಂದ ಮೊದಲ ಸಲ ಸ್ಟೂಲು ಎಳೆದುಕೊಂಡು ಕೂತಳು. ನಾನು ಇನ್ನೂ ಒಂದು ತಾಸು ಅಲ್ಲೇ ಇದ್ದೆ. ಅವರು ಎರಡನೇ ಸಲ ಹೇಳಲಿಲ್ಲ.